ತಣ್ಣನೆಯ ಎಣ್ಣಿ

…ಹೌದು ಮಾನ್ಯರೇ, ನಿನ್ನೆ ಉಸ್ಮಾನಸಾಬ ಕೇಳಿದಾಗ ನಾನು ಸುಳ್ಳು ಹೇಳಿದೆ. ಡಬ್ಬಿ ನಮ್ಮ ಮನೆಯಲ್ಲೇ ಇದೆ.

ಒಂದೂವರೆ ವರ್ಷದಿಂದ ಇದೆ. ಒಳಕೋಣೆಯಲ್ಲಿ, ಗೋಡೆಯ ಬುಡಕ್ಕೆ, ನೀರು ಕಾಯಿಸುವ ಹಳೆಯ ತಾಮ್ರದ ಹಂಡೆಯೊಳಗೆ ಕೂತಿದೆ. ಐದು ಲೀಟರಿನ ಬಿಳಿ ಪ್ಲಾಸ್ಟಿಕ್ ಡಬ್ಬಿ. ಒಳಗೆ ಮೂರು ಲೀಟರಿನಷ್ಟು ಉಳಿದಿದೆ. ಲೇಬಲ್ ಇಲ್ಲ. ಅದು ಏನು ಎಂದು ನನಗೆ ಗೊತ್ತಿಲ್ಲ, ನಮ್ಮ ಊರಿಗೆ ಗೊತ್ತಿಲ್ಲ, ತಾಲೂಕಿಗೆ ಗೊತ್ತಿಲ್ಲ. ರಾಸಾಯನಿಕ ಮತ್ತು ಜೈವಿಕ ಅಪಾಯಗಳಿಂದ ದೇಶವನ್ನು ಕಾಯುವುದಕ್ಕೆಂದೇ ಸಂಶೋಧನೆ ಮಾಡುವ ರಾಷ್ಟ್ರೀಯ ಸಂಸ್ಥೆಯ ನಿರ್ದೇಶಕರಾದ ತಮಗೂ ಗೊತ್ತಿಲ್ಲ. ನಮಗೆ ತಿಳಿದುಕೊಳ್ಳುವ ಉಪಕರಣವಿಲ್ಲ. ತಮಗೆ ಉಪಕರಣವಿದೆ, ತಿಳಿದುಕೊಳ್ಳುವ ಗರಜು ಇಲ್ಲ. ನನ್ನ ದೂರು ಇಷ್ಟೇ. ಉಳಿದದ್ದು ಮುದುಕನ ಮಾತು, ಆದರೂ ಪೂರ್ತಿ ಓದಬೇಕೆಂದು ವಿನಂತಿ.

ಈ ಮೊದಲು ತಮಗೆ ಮೂರು ಪತ್ರ ಬರೆದೆ. ಇದು ನಾಲ್ಕನೆಯದು. ಮೂವತ್ತೆಂಟು ವರ್ಷ ನಮ್ಮೂರು ಕಿಣ್ಣಿ ಸುಲ್ತಾನದಲ್ಲಿ ಶಾಖಾ ಅಂಚೆಪಾಲಕನಾಗಿದ್ದವನು ನಾನು, ಲಕೋಟೆಯ ಮೇಲೆ ನನಗೆ ಬಹಳ ನಂಬಿಕೆ ಇತ್ತು. ಈ ಪತ್ರವನ್ನು ಲಕೋಟೆಗೆ ಹಾಕುತ್ತಿಲ್ಲ, ಪತ್ರಿಕೆಗೆ ಕೊಡುತ್ತಿದ್ದೇನೆ. ನನ್ನ ನಂಬಿಕೆ ಎಲ್ಲಿಗೆ ಬಂದು ನಿಂತಿದೆ ಎಂದು ಇದರಿಂದಲೇ ತಿಳಿಯಬಹುದು.

ಉಸ್ಮಾನಸಾಬನ ವಿಷಯ ಹೇಳುತ್ತಿದ್ದೆ. ಅವನದು ಪಕ್ಕದ ಮನೆ. ಎರಡೂ ಮನೆಗೆ ನಡುವಿನ ಗೋಡೆ ಒಂದೇ. ನಿನ್ನೆ ಸುಣ್ಣದ ಬಕೇಟು ಹಿಡಿದುಕೊಂಡೇ ನಮ್ಮ ಕಟ್ಟೆಗೆ ಬಂದ.

“ಮಾಸ್ತರ, ಶನಿವಾರ ಇರಮ ಬರಾಕತ್ತಾಳ ಹೆರಿಗಿಗೆ. ಆ ಕಡೀ ಕೋಲಿಗೆ ಸುಣ್ಣ ಹೊಡ್ಯಾಕತ್ತೇನಿ. ನಿನ್ನ ಗ್ವಾಡಿಗೆ ಹತ್ತಿದ್ದು ಭಾಳ ತಂಪದ ನೋಡು. ಮಂಚ ಅಲ್ಲೇ ಹಾಕ್ತೇನಿ.”

ಇರಮ ಅವನ ಮಗಳು. ಮೊದಲ ಹೆರಿಗೆ.

“ಬ್ಯಾರೆ ಕೋಲಿ ಇಲ್ಲೇನು ನಿಮ್ಮ ಮನ್ಯಾಗ?” ಅಂದೆ.

“ಯಾಕಲೇ, ನಿನ್ನ ಗೊರಕಿಗೆ ಕೂಸು ಅಂಜ್ತದಂತೇನು?” ಎಂದು ನಕ್ಕ. ಆಮೇಲೆ ನಗು ಬಿಟ್ಟು ಕೇಳಿದ, “ಹೌದು, ಆ ಡಬ್ಬಿ ಏನಾತು? ಪೊಲೀಸರಿಗೆ ಕೊಟ್ಟೇನಿ ಅಂದಿದ್ದಿ. ಖರೇನ ಕೊಟ್ಟೀಯಿಲ್ಲೋ?”

“ಕೊಟ್ಟೇನಿ” ಅಂದೆ.

ಸುಳ್ಳು ಇದು, ಮಾನ್ಯರೇ. ಈ ಸುಳ್ಳಿನಲ್ಲಿ ಅರ್ಧ ಪಾಲು ತಮ್ಮದು. ಹೇಗೆ ಎಂದು ವಿವರಿಸಬೇಕಾದರೆ ಮೊದಲು ಒಂದು ಶಬ್ದದ ಅರ್ಥ ಹೇಳಬೇಕು.

ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಲ್ಲಿ ಬೆಳೆಗೆ ಹೊಡೆಯುವ ಕೀಟನಾಶಕಕ್ಕೆ ಯಾರೂ ಕೀಟನಾಶಕ ಅನ್ನುವುದಿಲ್ಲ. ಎಣ್ಣಿ ಅನ್ನುತ್ತಾರೆ. ತೊಗರಿಗೆ ಎಣ್ಣಿ ಹೊಡೆಯುತ್ತೇವೆ, ಎಣ್ಣಿ ಅಂಗಡಿಗೆ ಹೋಗಿ ಎಣ್ಣಿ ತರುತ್ತೇವೆ. ಒಬ್ಬ ಎಣ್ಣಿ ತಗೊಂಡ ಅಂದರೆ ಊರಿಗೆ ಊರೇ ಎದೆ ಹಿಡಿದುಕೊಂಡು ಓಡುತ್ತದೆ. ಅಡುಗೆಯದಾದರೆ ಕುಸುಬಿ ಎಣ್ಣಿ, ಶೇಂಗಾದ ಎಣ್ಣಿ ಎಂದು ಹೆಸರು ಹಿಡಿದು ಕರೆಯುತ್ತೇವೆ. ಬರೇ ಎಣ್ಣಿ ಅಂದರೆ ಹೊಲದ್ದು. ಇದು ನಮ್ಮಲ್ಲಿ ಹಾಲು ಕುಡಿಯುವ ಮಕ್ಕಳಿಗೂ ಗೊತ್ತು. ಇದೇ ರಾಜ್ಯದ ಇನ್ನೊಂದು ತುದಿಯಲ್ಲಿ ಎಣ್ಣೆ ಅಂದರೆ ಕುಡಿಯುವ ಸೆರೆ, ಹೆಂಡ ಎಂದು ನನಗೆ ಗೊತ್ತಿರಲಿಲ್ಲ. ಬಿ.ಎ. ಎರಡನೆಯ ವರ್ಷದ ತನಕ ಓದಿದವನು, ಗೊತ್ತಿರಬೇಕಾಗಿತ್ತು.

ಹೋದ ವರ್ಷವಲ್ಲ, ಅದರ ಹಿಂದಿನ ವರ್ಷ, ತೊಗರಿ ಹೂವು ಬಿಟ್ಟು ಕಾಯಿ ಕಟ್ಟುವ ಹೊತ್ತು. ಹುಳ ಬಿದ್ದಿತ್ತು. ಮೋಟಾರ್ ಸೈಕಲ್ಲಿನ ಮೇಲೆ ಡಬ್ಬಿ ಕಟ್ಟಿಕೊಂಡು ಒಬ್ಬ ಬಂದ. ಯಾವ ಊರವನೋ ಏನೋ. ಡಬ್ಬಿಯ ಮೇಲೆ ಕರಿ ಶಾಯಿಯಲ್ಲಿ ಇಂಗ್ಲಿಷಿನ ‘ಪವರ್’ ಅಂತ ಕೈಬರಹ, ಅಷ್ಟೇ. “ಒಂದ ಮುಚ್ಚಳ ಸಾಕ್ರಿ ಕಾಕಾ, ಹುಳ ನಿಂತಲ್ಲೇ ಬೀಳ್ತಾವ” ಅಂದ. ತೆಗೆದುಕೊಂಡವನು ನಾನೇ. ಲೇಬಲ್ ಎಲ್ಲಿ ಎಂದು ಕೇಳಲಿಲ್ಲ. ವಿಳಾಸ ಸರಿ ಇಲ್ಲದ ಪಾರ್ಸಲ್ಲನ್ನು ಜನ್ಮದಲ್ಲಿ ಒಮ್ಮೆಯೂ ಒಳಗೆ ತಗೊಂಡವನಲ್ಲ ನಾನು, ಅವತ್ತು ತಗೊಂಡೆ.

ಅವತ್ತು ಶುಕ್ರವಾರ. ಉಸ್ಮಾನಸಾಬನ ಮಗ ಜಾವೀದ ಎಣ್ಣಿ ಹೊಡೆಯಲು ಬರುವವನಿದ್ದ. ಪಂಪು ನನ್ನ ಬೆನ್ನ ಮೇಲೆ, ಬುತ್ತಿ ಗಂಟು ನನ್ನ ಕೈಯಲ್ಲಿ. ಡಬ್ಬಿಯನ್ನು ನನ್ನ ಹೆಂಡತಿ ಮಥುರಾಬಾಯಿ ಸೊಂಟದ ಮೇಲೆ ಇಟ್ಟುಕೊಂಡಳು, ಕೊಡ ಇಟ್ಟುಕೊಂಡ ಹಾಗೆ. ಹೊಲ ಅರ್ಧ ಗಂಟೆಯ ದಾರಿ. ಹಳ್ಳ ದಾಟುವಾಗ ಹಿಂದಿನಿಂದ ಕೂಗಿದಳು.

“ಪೋಸ್ಟ್ ಮಾಸ್ತರ್ರೇ, ನಿಮ್ಮ ಪಾರ್ಸಲ್ ಸೋರಾಕತ್ತದ್ರಿ.”

“ಮುದ್ರಿ ಹೊಡದು ತಿರುಗಿ ಕಳಿಸಿಬಿಡು” ಅಂದೆ.

“ಹಿಂಗ ಅನ್ಕೋತ ಕೂಡ್ರಿ. ನನ್ನ ಸೀರಿ ತಣ್ಣಗ ಹತ್ತಾಕತ್ತದ” ಎಂದು ಮುಚ್ಚಳ ಬಿಗಿಮಾಡಿ, ಸೆರಗಿನಿಂದ ಡಬ್ಬಿ ಒರೆಸಿ, ಅದೇ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆದಳು. ಇಬ್ಬರೂ ನಕ್ಕೆವು. ಮೂವತ್ತೊಂಬತ್ತು ವರ್ಷದ ಸಂಸಾರದಲ್ಲಿ ನಾವು ನಕ್ಕ ಕೊನೆಯ ನಗೆ ಅದು.

ಜಾವೀದ ಹನ್ನೆರಡರ ತನಕ ಹೊಡೆದ. ಆ ಪಂಪೂ ಸೋರುತ್ತಿತ್ತು, ಅವನ ಬೆನ್ನು ಪೂರ್ತಿ ತೊಯ್ದಿತ್ತು. ಆಮೇಲೆ ನಮಾಜಿನ ಹೊತ್ತಾಯಿತೆಂದು ಓಡಿದ. ಮಥುರಾ ಸಾಲಿನಲ್ಲಿ ಕಸ ಕೀಳುತ್ತಿದ್ದಳು. ಸ್ವಲ್ಪ ಹೊತ್ತಿಗೆ ತಲೆ ತಿರುಗುತ್ತದೆ ಅಂದಳು. ಬೆವರು ಧಾರೆ, ಬಾಯಿಯಿಂದ ಜೊಲ್ಲು. ಮುಖ ನೋಡಿದೆ. ಕಣ್ಣಿನ ಗೊಂಬೆ ಸಾಸಿವೆ ಕಾಳಿನಷ್ಟಾಗಿತ್ತು. ಮನೆಗೆ ತಂದು ಮಲಗಿಸಿ ಒಂದು ಸಹಾಯವಾಣಿಗೆ ಫೋನ್ ಹಚ್ಚಿದೆ. ಆ ಮಾತುಕತೆಯ ಒಂದು ಅಕ್ಷರವನ್ನೂ ನಾನು ಮರೆತಿಲ್ಲ.

“ಹೇಳಿ ಸರ್, ಏನು ತೊಂದರೆ?”

“ನಮ್ಮ ಮನಿಯಾಕಿಗೆ ಎಣ್ಣಿ ಹತ್ತ್ಯದ್ರಿ. ಜಲ್ದಿ ಗಾಡಿ ಕಳಸ್ರಿ.”

“ಎಣ್ಣೆ ಕುಡಿದಿದ್ದಾರಾ?”

“ಕುಡದಿಲ್ಲವ್ವ, ಮೈಮ್ಯಾಲ ಬಿದ್ದದ.”

“ಓ, ಮೈಮೇಲೆ ಬಿದ್ದಿದ್ಯಾ. ಬಿಸಿ ಎಣ್ಣೆನಾ ಸರ್?”

“ಬಿಸಿ ಎಲ್ಲೀದು, ತಣ್ಣಂದೇ!”

ಆ ಕಡೆಯ ಹುಡುಗಿ, ಪಾಪ, ಬಹಳ ಸಮಾಧಾನದಿಂದ ಹೇಳಿದಳು: “ತಣ್ಣಗಿರೋ ಎಣ್ಣೆ ಬಿದ್ರೆ ಗಾಬರಿ ಬೇಡ ಸರ್. ಆ ಸೀರೆ ತೆಗೆದುಬಿಟ್ಟು ಸೋಪು ಹಾಕಿ ಚೆನ್ನಾಗಿ ತೊಳ್ಕೊಳ್ಳೋಕೆ ಹೇಳಿ. ಹೋಗಿಬಿಡತ್ತೆ.”

“ಏ ತಂಗಿ, ಇಲ್ಲಿ ಜೀವ ಹೊಂಟದ, ನೀ ಸೀರಿ ತೊಳಿ ಅಂತೀಯಲ್ಲ!” ಎಂದು ಬೈದು ಫೋನ್ ಕಟ್ ಮಾಡಿದೆ.

ಅಷ್ಟರಲ್ಲಿ ಅವಳು ನಡುಗತೊಡಗಿದ್ದಳು. ನಡುಗುವವರಿಗೆ ನಮ್ಮಲ್ಲಿ ಏನು ಮಾಡುತ್ತಾರೆ? ಕೌದಿ ಹೊದಿಸುತ್ತಾರೆ. ಅವಳೇ ತನ್ನ ಹಳೆಯ ಸೀರೆಗಳನ್ನು ಕೂಡಿಸಿ ಹೊಲಿದ ಕೌದಿ, ನಾಲ್ಕು ಪದರದ್ದು. ಅದನ್ನು ಹೊದಿಸಿ, ಗಾಳಿ ಹೋಗದ ಹಾಗೆ ಎರಡೂ ಕಡೆ ಮೈಯ ಕೆಳಗೆ ಒತ್ತಿದೆ. ಸೊಂಟದ ಹತ್ತಿರ ಇನ್ನಷ್ಟು ಒತ್ತಿ ಸಿಕ್ಕಿಸಿದೆ. ಆ ತೊಯ್ದ ಸೀರೆ ಒಳಗೇ ಇತ್ತು. ಅದನ್ನು ಬಿಚ್ಚಬೇಕೆಂದು ನನಗೂ ಹೊಳೆಯಲಿಲ್ಲ, ನೋಡಲು ಬಂದ ಹತ್ತು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಗಂಡಸರು ಸುತ್ತ ನಿಂತಿರುವಾಗ ಹೆಣ್ಣುಮಗಳ ಸೀರೆಗೆ ಯಾರು ಕೈ ಹಚ್ಚುತ್ತಾರೆ? ಅದೇ ಸೀರೆ, ಅದೇ ಕೌದಿಯಲ್ಲಿ ಟೆಂಪೋದಲ್ಲಿ ಹಾಕಿಕೊಂಡು ದವಾಖಾನೆಗೆ ಒಯ್ದೆವು.

ಅಲ್ಲಿಯ ಡಾಕ್ಟರು ಸಣ್ಣ ವಯಸ್ಸಿನವರು, ಒಳ್ಳೆಯವರು. ನೋಡಿದ ಕೂಡಲೇ ಸೂಜಿ ಹಚ್ಚಿದರು. “ಯಾವ ಔಷಧಿ ಅಜ್ಜಾ? ಲೇಬಲ್ ತೋರಿಸ್ರಿ. ಇದರಾಗ ಎರಡು ಜಾತಿ ಬರ್ತಾವ, ಒಂದಕ್ಕ ಇನ್ನೊಂದು ಇಂಜೆಕ್ಷನ್ನೂ ಕೊಡಬೇಕು, ಒಂದಕ್ಕ ಅದರ ಉಪಯೋಗಿಲ್ಲ” ಅಂದರು. ಊರಿಗೆ ಹೇಳಿಕಳಿಸಿ ಡಬ್ಬಿ ತರಿಸಿದೆ. ಡಾಕ್ಟರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ‘ಪವರ್.’ ಆ ಹೆಸರಿನ ವಿಷ ಅವರ ಪುಸ್ತಕದಲ್ಲಿ ಇರಲಿಲ್ಲ. ಊಹೆಯ ಮೇಲೆ ಮಾಡುವಷ್ಟು ಮಾಡಿದರು. ಮರುದಿನ ಮುಂಜಾನೆ ಹನ್ನೊಂದಕ್ಕೆ ಮಥುರಾ ಹೋದಳು.

ಡಬ್ಬಿ ಉಳಿಯಿತು.

ಮೊದಲ ಕಚೇರಿಯವರು, ಹೆಸರು ಬೇಡ, ಕೇಸು ಬರೆದುಕೊಂಡರು. ಡಬ್ಬಿಯನ್ನು ಮೇಜಿನ ಮೇಲೆ ಇಟ್ಟ ಕೂಡಲೇ ಕುರ್ಚಿ ಹಿಂದೆ ಸರಿಸಿ, “ಇದನ್ನ ಇಲ್ಲಿ ಇಡಾಕ ಬರಂಗಿಲ್ರಿ, ಸಂಬಂಧಪಟ್ಟವರಿಗೆ ಕೊಡ್ರಿ” ಅಂದರು. ಸಂಬಂಧಪಟ್ಟವರು, ಲೇಬಲ್ ಇದ್ದರೆ ಮಾತ್ರ ಇದು ನಮ್ಮ ವ್ಯಾಪ್ತಿಗೆ ಬರುತ್ತದೆ ಅಂದರು. ಲೇಬಲ್ ಇದ್ದರೆ ನಾನು ಅವರ ಹತ್ತಿರ ಯಾಕೆ ಹೋಗುತ್ತಿದ್ದೆ? ಮೂರನೆಯ ಕಡೆ, ಪರೀಕ್ಷೆಗೆ ಮಾದರಿಯನ್ನು ಅಂಚೆಯಲ್ಲಿ ಕಳಿಸಿ ಎಂದರು. ಇದನ್ನು ಕೇಳಿ ನನಗೆ ನಗು ಬಂತು ಮಾನ್ಯರೇ, ಹೆಂಡತಿ ಸತ್ತ ಹದಿನೆಂಟನೆಯ ದಿನ. ವಿಷದ ದ್ರವವನ್ನು ಅಂಚೆಯಲ್ಲಿ ಕಳಿಸಬಾರದೆಂದು ಮೂವತ್ತೆಂಟು ವರ್ಷ ಊರಿನವರಿಗೆ ಹೇಳಿದವನು ನಾನು. ನಿಯಮ ಮುರಿಯುವ ಧೈರ್ಯ ಬರಲಿಲ್ಲ. ದಾರಿಯಲ್ಲಿ ಆ ಚೀಲವನ್ನು ಹೊರುವವನೂ ಒಬ್ಬ ಮಥುರಾಬಾಯಿಯಂಥವನೇ ಅಲ್ಲವೇ?

ಹೀಗಾಗಿ ಡಬ್ಬಿಯನ್ನು ಮನೆಗೆ ತಂದೆ. ಪೊಲೀಸರಿಗೆ ಕೊಟ್ಟೆ ಎಂದು ಊರಲ್ಲಿ ಹೇಳಿದೆ, ಯಾಕೆಂದರೆ ಹೇಳದಿದ್ದರೆ ಯಾರಾದರೂ ಹಳ್ಳಕ್ಕೆ ಚೆಲ್ಲುತ್ತಿದ್ದರು, ಇಲ್ಲವೇ ಸುಡುತ್ತಿದ್ದರು. ಹಳ್ಳದ ನೀರು ಮುಂದಿನ ಊರಿಗೆ ಹೋಗುತ್ತದೆ. ಹೊಗೆಗಂತೂ ಸೀಮೆಯೇ ಇಲ್ಲ.

ತಮ್ಮ ಸಂಸ್ಥೆಯ ಹೆಸರು ನನಗೆ ಪತ್ರಿಕೆಯಲ್ಲಿ ಸಿಕ್ಕಿತು. ಅರ್ಧ ಪುಟದ ವರದಿ. ರಾಷ್ಟ್ರದ ಸಾಮರ್ಥ್ಯ, ಸ್ವದೇಶಿ ಉಪಕರಣ, ಗಾಳಿಯಲ್ಲಿ ಒಂದು ಕಣ ವಿಷವಿದ್ದರೂ ಹಿಡಿಯುವ ಯಂತ್ರ. ಓದಿ ಕಣ್ಣಲ್ಲಿ ನೀರು ಬಂತು. ಇವರಿಗೆ ಬರೆಯಬೇಕು ಎಂದುಕೊಂಡು ಕಾಲೇಜಿನ ಇಂಗ್ಲಿಷನ್ನು ನೆನಪು ಮಾಡಿಕೊಂಡೆ. ನಮ್ಮ ಇಂಗ್ಲಿಷ್ ಮೇಷ್ಟ್ರು ಅಮರನಾಥ ಅವರು ಕಲಿಸಿದ ಹಾಗೆ ‘ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು ಸ್ಟೇಟ್’ ಎಂದು ಶುರು ಮಾಡಿ, ನನ್ನ ಹೆಂಡತಿ ತಕ್ಕ ‘ಅನೆಕ್ಡೋಟ್’ ಇಲ್ಲದೆ ತೀರಿಕೊಂಡಳು, ದಯವಿಟ್ಟು ಈ ವಿಷ ಯಾವುದೆಂದು ನೋಡಿ ಅದಕ್ಕೆ ಸರಿಯಾದ ಅನೆಕ್ಡೋಟನ್ನು ನಮ್ಮ ತಾಲೂಕಿಗೆ ಕಳಿಸಿ ಎಂದು ಮೂರು ಪುಟ ಬರೆದೆ. ದವಾಖಾನೆಯಲ್ಲೂ ಡಾಕ್ಟರ ಮುಂದೆ ಇದೇ ಶಬ್ದವನ್ನು ಕೂಗಿದ್ದೆ. ತಿಂಗಳ ಮೇಲೆ ಸಂಶಯ ಬಂದು ಡಿಕ್ಷನರಿ ತೆಗೆದೆ. ವಿಷಕ್ಕೆ ಮದ್ದು ಆಂಟಿಡೋಟ್. ಅನೆಕ್ಡೋಟ್ ಅಂದರೆ ಒಂದು ಸಣ್ಣ ಕತೆ. ರಾಷ್ಟ್ರದ ಪ್ರಯೋಗಾಲಯಕ್ಕೆ ಬರೆದು ನಾನು ಕತೆ ಬೇಡಿದ್ದೆ!

ತಮ್ಮಿಂದ ಬಂದ ಉತ್ತರ ಇಂಗ್ಲಿಷಿನ ಎರಡು ಸಾಲು. ಖಾಸಗಿ ವ್ಯಕ್ತಿಗಳಿಂದ ಮಾದರಿಗಳನ್ನು ಸ್ವೀಕರಿಸಲಾಗುವುದಿಲ್ಲ. ಅಧಿಕೃತ ಪ್ರಾಧಿಕಾರದ ಮೂಲಕ ಸಲ್ಲಿಸಬಹುದಾಗಿದೆ. ಅಮರನಾಥ ಮೇಷ್ಟ್ರು ಇದನ್ನು ಪ್ಯಾಸಿವ್ ವಾಯ್ಸ್ ಅನ್ನುತ್ತಿದ್ದರು, ಮಾಡಿದವನ ಹೆಸರು ಹೇಳದೆ ವಾಕ್ಯ ಮುಗಿಸುವ ಉಪಾಯ. ಸ್ವೀಕರಿಸಲಾಗುವುದಿಲ್ಲ. ಯಾರಿಂದ ಆಗುವುದಿಲ್ಲ, ಮಾನ್ಯರೇ? ಯಾರದಾದರೂ ಕೈ ಇರಬೇಕಲ್ಲ, ಬೇಡ ಎಂದು ಸರಿಸಿದ ಕೈ? ಈ ಡಬ್ಬಿಯಲ್ಲಿರುವುದನ್ನು ಯಾವುದಾದರೂ ಶತ್ರು ಸೈನ್ಯ ಮೊಹರು ಹಾಕಿ ಕಳಿಸಿದ್ದರೆ ಅಧಿಕೃತವಾಗುತ್ತಿತ್ತೇನು? ವಿಷಕ್ಕೂ ಒಂದು ಅರ್ಹತೆ ಬೇಕೇ?

ಅಷ್ಟಕ್ಕೇ ಬಿಟ್ಟುಬಿಡುತ್ತಿದ್ದೆನೋ ಏನೋ. ಹೋದ ಚಳಿಗಾಲದಲ್ಲಿ ಜೇವರ್ಗಿಯ ಒಂದು ಕಾಲೇಜಿನ ಮೈದಾನದಲ್ಲಿ ವಿಜ್ಞಾನದ ಪ್ರದರ್ಶನ ಇತ್ತು. ತಮ್ಮ ಸಂಸ್ಥೆಯ ಮಳಿಗೆಯೂ ಬಂದಿತ್ತು. ಬಸ್ಸು ಹಿಡಿದು ಹೋದೆ. ಮುಖಕ್ಕೆ ಮುಸುಕು, ಮೈತುಂಬ ರಬ್ಬರಿನ ಅಂಗಿ ಹಾಕಿದ ಒಂದು ಗೊಂಬೆ ನಿಲ್ಲಿಸಿದ್ದಿರಿ. ಮೇಲೆ ದೊಡ್ಡ ಅಕ್ಷರದಲ್ಲಿ ಮೂರು ಶಬ್ದ: ಡಿಟೆಕ್ಷನ್, ಪ್ರೊಟೆಕ್ಷನ್, ಡಿಕಂಟಾಮಿನೇಷನ್. ಮೇಜಿನ ಹಿಂದೆ ಕೂತಿದ್ದ ಹುಡುಗಿ ನೀತಾ, ಸಂಶೋಧನಾ ಸಹಾಯಕಿ. ನಾನು ಶುದ್ಧ ಭಾಷೆಯಲ್ಲಿ ಕೀಟನಾಶಕ ಎಂದು ಶುರು ಮಾಡಿ, ತಡವರಿಸಿ, ಕೊನೆಗೆ “ಎಣ್ಣಿ” ಅಂದುಬಿಟ್ಟೆ.

“ಎಣ್ಣಿನಾ? ಯಾವ ಎಣ್ಣಿ ಕಾಕಾ, ತೊಗರಿಗಿ ಹೊಡ್ಯೂದಾ?” ಅಂದಳು.

ನನಗೆ ಮೈ ಜುಮ್ಮೆಂದಿತು. “ನೀ ಯಾ ಊರಾಕಿ ಬೇ?”

“ಯಡ್ರಾಮಿರಿ. ನಮ್ಮಪ್ಪಂದೂ ತೊಗರಿನೇ.”

ಕುರ್ಚಿ ಕೊಟ್ಟು ಕೂಡಿಸಿದಳು. ಎಲ್ಲ ಹೇಳಿದೆ. ಯುದ್ಧದಲ್ಲಿ ಮನುಷ್ಯರ ನರ ಹಿಡಿದು ಕೊಲ್ಲುವ ವಿಷಗಾಳಿಯೂ ನಮ್ಮ ಕೆಲವು ಎಣ್ಣಿಗಳೂ ಒಂದೇ ಮನೆತನದವು, ಹುಳ ಕೊಲ್ಲುವ ಮದ್ದು ಹುಡುಕಲು ಹೋದಾಗಲೇ ಅದು ಮೊದಲು ಸಿಕ್ಕಿದ್ದು ಎಂದು ಅವಳೇ ತಿಳಿಸಿದ್ದು. ಆಮೇಲೆ ಕೇಳಿದಳು:

“ಪಂಪ್ ಹೊತ್ತಾವ ಏನಾದ ಕಾಕಾ? ಅವಗ ಜಾಸ್ತಿ ಬಿದ್ದಿರಬೇಕಲ್ಲ?”

“ಜಾವೀದಾ? ಎರಡು ದಿನ ವಾಂತಿ ಮಾಡ್ಕೊಂಡ, ಆರಾಮಾದ. ನಸೀಬ ಅವಂದು.”

“ಹೊಲದಾಗಿಂದ ಎಲ್ಲಿಗಿ ಹೋದ?”

“ಶುಕ್ರವಾರ ಇತ್ತಲ್ಲವ್ವ. ಮನಿಗಿ ಹೋಗಿ ಸಾಬೂನು ಹಚ್ಚಿ ಜಳಕ ಮಾಡಿ, ಬ್ಯಾರೆ ಅರಬಿ ಹಾಕ್ಕೊಂಡು ಜುಮ್ಮಾ ನಮಾಜಿಗಿ…”

ನೀತಾ ತಲೆ ತಗ್ಗಿಸಿದಳು. ಅವಳ ಹಿಂದೆ ಆ ಮೂರನೆಯ ಶಬ್ದ ಇತ್ತು. ಡಿಕಂಟಾಮಿನೇಷನ್. ಅದರ ಕೆಳಗೆ ಒಂದು ಟಿ.ವಿ.ಯಲ್ಲಿ ಸಿಪಾಯಿಯ ಅಂಗಿ ಬಿಚ್ಚಿಸಿ, ಸಾಬೂನು ನೀರಿನಲ್ಲಿ ತೊಳೆಯುತ್ತಿದ್ದರು. ಮತ್ತೆ ಮತ್ತೆ ಅದನ್ನೇ ತೋರಿಸುತ್ತಿದ್ದರು. ಬಟ್ಟೆ ತೆಗೆಯಿರಿ, ತೊಳೆಯಿರಿ. ಸಹಾಯವಾಣಿಯ ಹುಡುಗಿ ಅಡುಗೆ ಎಣ್ಣೆ ಎಂದು ತಪ್ಪು ತಿಳಿದು ಹೇಳಿದ ಮಾತೇ ಸರಿಯಾಗಿತ್ತು. ಸರಿ ತಿಳಿದಿದ್ದ ನಾನು ಕೌದಿ ಹೊದಿಸಿದ್ದೆ.

“ಹಂಗಾರ ನಾನೇ ಕೊಂದೆನೇನವ್ವ?” ಎಂದು ಕೇಳಿದೆ.

“ಹಂಗನ್ನಬ್ಯಾಡ್ರಿ ಕಾಕಾ. ಕೆಲವು ಚರ್ಮದಾಗ ಜಲ್ದಿ ಇಳೀತಾವ, ಕೆಲವು ಅಷ್ಟ ಇಳ್ಯಂಗಿಲ್ಲ. ಡಬ್ಬಿಯಾಗ ಏನದ ಅಂತ ನೋಡದ ಯಾರೂ ಹೇಳಾಕ ಬರಂಗಿಲ್ಲ” ಅಂದಳು. ಸಾಹೇಬರನ್ನು ಕೇಳಿ ತಿಳಿಸುತ್ತೇನೆ ಎಂದು ನಂಬರು ಬರೆದುಕೊಂಡಳು. ಹದಿನೈದು ದಿನಕ್ಕೆ ಫೋನ್ ಬಂತು. ಕೇಳಿದೆ ಕಾಕಾ, ಒಪ್ಪಲಿಲ್ಲ ಅಂದಳು. ಅದರ ಮುಂದಿನ ತಿಂಗಳು ಅವಳ ಗುತ್ತಿಗೆಯ ಅವಧಿ ಮುಗಿಯಿತಂತೆ. ಇಡೀ ಸಂಸ್ಥೆಯಲ್ಲಿ ಎಣ್ಣಿ ಎಂಬ ಶಬ್ದದ ಅರ್ಥ ತಿಳಿದವಳು ಅವಳೊಬ್ಬಳೇ ಇದ್ದಿರಬಹುದು. ಅವಳ ಹುದ್ದೆಯನ್ನು ಮುಂದುವರಿಸಲಾಗಲಿಲ್ಲ. ಪ್ಯಾಸಿವ್ ವಾಯ್ಸ್.

ಮಾನ್ಯರೇ, ರಾಷ್ಟ್ರದ ಸಾಮರ್ಥ್ಯ ಅಂದರೆ ಏನು? ತಮ್ಮ ಯಂತ್ರ ಗಾಳಿಯಲ್ಲಿನ ಕಣ ಹಿಡಿಯುತ್ತದೆ, ಒಪ್ಪಿದೆ. ಆ ಯಂತ್ರ ಎಲ್ಲಿದೆ? ನಾಳೆ ನಿಜವಾಗಿ ಒಬ್ಬ ಶತ್ರು ಅಫಜಲಪುರದ ಅತನೂರಿನ ಹೊಲದ ಮೇಲೆ, ನನ್ನ ಹೆಂಡತಿಯ ತವರೂರು ಅದು, ಅಂಥದ್ದೇ ಒಂದು ವಿಷ ಸುರಿದನೆಂದು ಇಟ್ಟುಕೊಳ್ಳಿ. ಮೊದಲು ಬಿದ್ದವರ ಮನೆಯವರು ಏನನ್ನುತ್ತಾರೆ? ಎಣ್ಣಿ ಹತ್ತಿದೆ ಅನ್ನುತ್ತಾರೆ. ಬಿಸಿಯೋ ತಣ್ಣನೆಯದೋ ಎಂಬ ಪ್ರಶ್ನೆ ಬರುತ್ತದೆ. ನಡುಗುವವರಿಗೆ ಕೌದಿ ಹೊದಿಸುತ್ತಾರೆ. ಲೇಬಲ್ ತನ್ನಿ ಅನ್ನುತ್ತಾರೆ. ಶತ್ರು ಲೇಬಲ್ ಅಂಟಿಸಿ ಕಳಿಸುತ್ತಾನೆಯೇ? ದೇಶದಲ್ಲಿ ಕೊರೊನಾದ ಮೊದಲ ಸಾವು ನಮ್ಮ ಕಲಬುರಗಿಯಲ್ಲೇ ಆಯಿತು. ಮನುಷ್ಯ ಹೋದ ಮೇಲೆ ಖಾತ್ರಿಯ ವರದಿ ಬಂತೆಂದು ಪತ್ರಿಕೆಯಲ್ಲಿ ಓದಿದ ನೆನಪು. ಕಣ್ಣಿಗೆ ಕಾಣುವ ವಿಷವಿರಲಿ, ಕಾಣದ ರೋಗವಿರಲಿ, ಅದು ಬಂದು ಇಳಿಯುವುದು ನಮ್ಮ ಅಂಗಳದಲ್ಲಿ. ಅದರ ಹೆಸರು ಮಾತ್ರ ದೂರದ ಊರಿನಲ್ಲಿ ಇರುತ್ತದೆ. ಹೆಸರು ಬರುವ ತನಕ ಜೀವ ಕಾಯುತ್ತದೆಯೇ?

ನಾನು ಸಿಟ್ಟಿನಿಂದ ಬರೆಯುತ್ತಿದ್ದೇನೆ ಎಂದು ತಿಳಿಯಬೇಡಿ. ಸಿಟ್ಟು ಹೋದ ವರ್ಷವೇ ಮುಗಿಯಿತು. ಇದು ಹೆದರಿಕೆ. ಈ ಬಿಸಿಲಿಗೆ ಡಬ್ಬಿ ಉಬ್ಬಿದೆ. ಪ್ಲಾಸ್ಟಿಕ್ ಹಳದಿಯಾಗಿ, ಮೂಲೆಯಲ್ಲಿ ಕೂದಲೆಳೆಯಂಥ ಗೆರೆ ಬಿದ್ದಿದೆ. ಎತ್ತಿದರೆ ಒಡೆಯುತ್ತದೆಂದು ಮುಟ್ಟುವ ಧೈರ್ಯವಿಲ್ಲ. ಕೊಳೆತ ಬೆಳ್ಳುಳ್ಳಿಯಂಥ ವಾಸನೆ ಒಮ್ಮೊಮ್ಮೆ ಬರುತ್ತದೆ, ಒಮ್ಮೊಮ್ಮೆ ನನ್ನ ಮೂಗಿನ ಭ್ರಮೆ ಅನಿಸುತ್ತದೆ. ತಮ್ಮಂಥ ಯಂತ್ರ ನನ್ನಲ್ಲಿಲ್ಲ. ಅದಕ್ಕೆ ಇರುವೆಗಳನ್ನು ನೇಮಿಸಿಕೊಂಡಿದ್ದೇನೆ. ಗೋಡೆಯ ಗುಂಟ ಮೂರು ಕಡೆ ಒಂದೊಂದು ಚೂರು ಬೆಲ್ಲ ಇಡುತ್ತೇನೆ: ಒಂದು ಹಂಡೆಯಿಂದ ಎರಡು ಮೊಳಕ್ಕೆ, ಒಂದು ಕೋಣೆಯ ಹೊಸ್ತಿಲಿಗೆ, ಒಂದು ಪಡಸಾಲೆಯಲ್ಲಿ. ದಿನಾ ಸಂಜೆ ಬೆಳಕಿರುವಾಗಲೇ ಬಾಗಿಲಲ್ಲಿ ನಿಂತು ನೋಡುತ್ತೇನೆ. ಕರೆಂಟಿನ ಬೆಳಕಲ್ಲಿ ಆ ಕೆಂಪಿರುವೆ ನನ್ನ ಕಣ್ಣಿಗೆ ಕಾಣುವುದಿಲ್ಲ. ಯುಗಾದಿಯ ತನಕ ಮೂರೂ ಬೆಲ್ಲಕ್ಕೆ ಮುತ್ತುತ್ತಿದ್ದವು. ಆಮೇಲೆ ಹಂಡೆಯ ಹತ್ತಿರದ ಬೆಲ್ಲ ಹಾಗೇ ಉಳಿಯತೊಡಗಿತು. ನಾಲ್ಕು ದಿನದಿಂದ ಸಾಲು ಹೊಸ್ತಿಲ ತನಕ ಬಂದು, ಅಲ್ಲೇ ಸುತ್ತು ಹೊಡೆದು ತಿರುಗುತ್ತಿದೆ.

ಆ ಗೋಡೆಯ ಆ ಕಡೆ ಇರಮಳ ಮಂಚ ಬರುತ್ತದೆ. ಮಣ್ಣಿನ ಗೋಡೆ, ತಂಪು. ಮಂಚದ ತಲೆ ಗೋಡೆಗೆ ಹತ್ತಿರುತ್ತದೆ.

ನನ್ನ ಬೇಡಿಕೆ ಬರೆದುಬಿಡುತ್ತೇನೆ. ತಮ್ಮ ಆ ಗೊಂಬೆಗೆ ತೊಡಿಸಿದ ಅಂಗಿಯನ್ನು ಬಿಚ್ಚಿ ಒಬ್ಬ ಜೀವಂತ ಮನುಷ್ಯನಿಗೆ ತೊಡಿಸಿ ಶನಿವಾರದೊಳಗೆ ಕಿಣ್ಣಿ ಸುಲ್ತಾನಕ್ಕೆ ಕಳಿಸಿ. ಡಬ್ಬಿ, ಹಂಡೆ, ಅದರ ಪಕ್ಕದ ಚೀಲದಲ್ಲಿ ಕಟ್ಟಿಟ್ಟಿರುವ ಸೀರೆ ಮತ್ತು ಕೌದಿ, ಎಲ್ಲವನ್ನೂ ಒಯ್ಯಿರಿ. ಒಯ್ದು, ಅದರಲ್ಲಿ ಏನಿದೆ ಎಂದು ನೋಡಿ, ನನಗೆ ಒಂದು ಕಾರ್ಡು ಬರೆಯಿರಿ. ಚರ್ಮದಲ್ಲಿ ಇಳಿಯುವ ವಿಷವೇ ಆಗಿದ್ದರೆ ಹಾಗೇ ಬರೆಯಿರಿ. ನನ್ನ ಮನಸ್ಸಿಗೆ ನೋವಾಗುತ್ತದೆಂದು ಪ್ಯಾಸಿವ್ ವಾಯ್ಸಿನಲ್ಲಿ ಬರೆಯಬೇಡಿ. ಆ ಕಾರ್ಡಿಗೆ ನಾನು ಡಬ್ಬಿಗಿಂತ ಹೆಚ್ಚು ಹೆದರುತ್ತೇನೆ, ಆದರೂ ಬೇಕು. ಇನ್ನೊಂದು, ನಮ್ಮ ಮೂರೂ ತಾಲೂಕಿನ ಪ್ರತಿಯೊಂದು ಎಣ್ಣಿ ಅಂಗಡಿಯ ಗೋಡೆಗೆ, ಸಹಾಯವಾಣಿಯವರ ಮೇಜಿಗೆ, ನಮ್ಮ ಮಾತಿನಲ್ಲೇ ಒಂದು ಚೀಟಿ ಅಂಟಿಸಿ: ಎಣ್ಣಿ ಮೈಗೆ ಹತ್ತಿದರ ಮೊದಲು ಅರಬಿ ಬಿಚ್ಚರಿ, ಸಾಬೂನು ಹಚ್ಚಿ ತೊಳೀರಿ, ನಾಚಬ್ಯಾಡ್ರಿ, ಕೌದಿ ಹೊಚ್ಚಬ್ಯಾಡ್ರಿ. ತಮ್ಮ ಸಂಸ್ಥೆಯ ಇಷ್ಟು ವರ್ಷದ ವಿದ್ಯೆಯಲ್ಲಿ ಈ ಒಂದು ಸಾಲು ನಮ್ಮೂರಿಗೆ ತಲುಪಿದ್ದರೆ ನಾನು ಈಗ ಈ ಪತ್ರ ಬರೆಯುತ್ತಿರಲಿಲ್ಲ. ಯಾರೋ ನನ್ನ ಇಂಗ್ಲಿಷಿಗೆ ನಗುತ್ತ ಚಹಾ ಕೊಡುತ್ತಿದ್ದರು.

ಬರುವವರು ಸಾಬೂನು ತರಬೇಕಾಗಿಲ್ಲ. ಜೇವರ್ಗಿಯಿಂದ ಬಂದ ದಿನದಿಂದ ಪ್ರತಿ ಸಂತೆಗೂ ಒಂದು ಸಾಬೂನು ತರುವ ಚಟ ಹತ್ತಿದೆ ನನಗೆ. ದೀಪ ಇಡುವ ಗೋಡೆಯ ಮಾಡದ ತುಂಬ ಅವೇ.

ಮತ್ತೇನೋ ಹೇಳಬೇಕೆಂದಿದ್ದೆ. ಹಾಂ, ನೀತಾಳ ಹುದ್ದೆ. ಅದು ಕೂಡ… ಅಕ್ಷರ ಕಾಣುತ್ತಿಲ್ಲ. ಬಿಸಿಲು ಕಟ್ಟೆಯಿಂದ ಇಳಿದು, ಬೀದಿ ದಾಟಿ, ಎದುರಿನ ಮಾಳಿಗೆಯ ಮೇಲೆ ಏರಿಬಿಟ್ಟಿದೆ. ಬರೆಯುವ ಭರದಲ್ಲಿ ಬೆಲ್ಲ ನೋಡುವುದೇ ಮರೆತಿದ್ದೆ. ಈಗ ಎದ್ದು ಹೋಗಿ ನೋಡಿ ಬಂದೆ, ಮಾನ್ಯರೇ. ಹೊಸ್ತಿಲ ಬೆಲ್ಲದ ಹತ್ತಿರ ಒಂದೂ ಇಲ್ಲ. ಪಡಸಾಲೆಯ ಚೂರಿನ ಹತ್ತಿರ ನಾಲ್ಕೋ ಐದೋ ಇದ್ದವು, ಎತ್ತ ಹೋಗಬೇಕೆಂದು ತಿಳಿಯದ ಹಾಗೆ ನಿಂತಿದ್ದವು.

ಗೋಡೆಯಾಚೆ ಸುಣ್ಣದ ಕುಂಚದ ಸಪ್ಪಳ ಕೇಳುತ್ತಿದೆ. ಉಸ್ಮಾನಸಾಬನಿಗೆ ಕನ್ನಡ ಓದಲು ಬರುವುದಿಲ್ಲ. ನಲವತ್ತು ವರ್ಷ ಅವನ ಮನೆಗೆ ಬಂದ ಪ್ರತಿಯೊಂದು ಕಾಗದವನ್ನು ಓದಿ ಹೇಳಿದವನು ನಾನೇ. ಇದನ್ನೂ ಓದಿ ಹೇಳುತ್ತೇನೆ, ಪತ್ರಿಕೆಗೆ ಕೊಡುವ ಮೊದಲು, ಈಗಲೇ, ಅವನು ಕುಂಚ ಕೆಳಗಿಡುವುದರೊಳಗೆ. ಬೈದರೆ ಬೈಯಲಿ. ಮಂಚ ಬೇರೆ ಕಡೆ ಹಾಕಲಿ. ಶನಿವಾರ ಬರುವ ಮಗಳನ್ನು ಬರಬೇಡ ಎನ್ನಲಿ. ಅವನ ಕಡೆಯಿಂದ ಆಗುವುದು ಅಷ್ಟು. ಉಳಿದದ್ದು ತಮ್ಮ ಕೈಯಲ್ಲಿ.

ಇಂತಿ,
ತಮ್ಮ ಸಂಸ್ಥೆಯ ಅನಧಿಕೃತ ಉಗ್ರಾಣಪಾಲಕ,
ಗೋವಿಂದ
ನಿವೃತ್ತ ಶಾಖಾ ಅಂಚೆಪಾಲಕ
ಕಿಣ್ಣಿ ಸುಲ್ತಾನ, ಆಳಂದ ತಾಲೂಕು
(ಮಸೀದಿಯ ಹಿಂದಿನ ಓಣಿ, ಹೊಸದಾಗಿ ಸುಣ್ಣ ಹೊಡೆದ ಮನೆಯ ಪಕ್ಕದ್ದು)